ಕಾರ್ಬನ್ ಪ್ರತಿಯಲ್ಲಿ ಸುಧಾರಿಸಿದ ಮಕ್ಕಳು

ಚಿಕ್ಕಬಸವಯ್ಯನವರಷ್ಟು ನಿಧಾನದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೈಸೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದರು. ಫೈಲು ಕೇಳಿದರೆ ಮೊದಲು ಕನ್ನಡಕ ಒರೆಸಬೇಕು, ಆಮೇಲೆ ಹಣೆಯ ವಿಭೂತಿ ಸರಿಯಿದೆಯೇ ಎಂದು ಮುಟ್ಟಿ ನೋಡಿಕೊಳ್ಳಬೇಕು, ಆಮೇಲಷ್ಟೇ ಏಳಬೇಕು. ೨೦೦೪ರಲ್ಲಿ ಆ ಕೋಣೆಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ನಾನೂ ಬಂದೆ. ಯಾದವಗಿರಿಯಲ್ಲಿ ಆರು ತಿಂಗಳ ಕೋರ್ಸ್ ಮುಗಿಸಿದ್ದ ಜಂಬ ಬೇರೆ.

"ನಿಮ್ಮ ಇಡೀ ದಿನದ ಕೆಲಸಾನ ನಾನು ಒಂದು ಗುಂಡಿ ಒತ್ತಿ ಮಾಡ್ತೀನಿ ಸಾರ್" ಎಂದು ಮೊದಲ ದಿನವೇ ರೇಗಿಸಿದೆ.

"ಮಾಡು ಮಧುಶ್ರೀ, ನನ್ನ ಮಂಡಿನೋವಾದ್ರೂ ಕಮ್ಮಿಯಾಗ್ಲಿ" ಅಂದರು.

ಕೆಲಸ ಹೇಳಿದವರು ಆ ವರ್ಷವೇ ಬಂದಿದ್ದ ಮಕ್ಕಳ ಡಾಕ್ಟರು ವಿಶ್ವನಾಥ್. ಹತ್ತು ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಎಂದು ಬಂದ ಮಕ್ಕಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಿತ್ತು. ವಯಸ್ಸು, ಊರು, ಕೊಟ್ಟ ಔಷಧಿ, ಕೊನೆಗೆ ಏನಾಯಿತು. ಆ ವರ್ಷಗಳಲ್ಲಿ ಹಳೆಯ ಕ್ರಮ, ಹೊಸ ಕ್ರಮ ಎಂದು ಎರಡು ಬಗೆಯಲ್ಲಿ ಔಷಧಿ ಕೊಡುತ್ತಿದ್ದರಂತೆ. ಯಾವುದರಲ್ಲಿ ಹೆಚ್ಚು ಮಕ್ಕಳು ಉಳಿದರು ಎಂದು ಗೊತ್ತಾದರೆ ಮುಂದೆ ಬರುವ ಮಗುವಿಗೆ ಮೊದಲ ದಿನದಿಂದಲೇ ಅದನ್ನು ಕೊಡಬಹುದು. ಹಳೆಯ ಫೈಲುಗಳ ಒಳಹಾಳೆಗಳನ್ನು ವರ್ಷ ತುಂಬಿದೊಡನೆ ರದ್ದಿಗೆ ಹಾಕಿಬಿಡುತ್ತಿದ್ದರು. ಮುಖಪುಟ, ಔಷಧಿಯ ಪಟ್ಟಿ ಮತ್ತು ಡಿಸ್ಚಾರ್ಜ್ ಚೀಟಿಯ ಕಾರ್ಬನ್ ಪ್ರತಿ ಮಾತ್ರ ಉಳಿದಿದ್ದವು.

ಅವರು ಓದುವುದು, ನಾನು ಟೈಪ್ ಮಾಡುವುದು. ನೂರ ನಲವತ್ತಾರು ಮಕ್ಕಳು. ಆ ನಿಧಾನದ ಮನುಷ್ಯ ಈ ಕೆಲಸಕ್ಕೆ ಮಾತ್ರ ಒಂಬತ್ತಕ್ಕೆ ಮುಂಚೆಯೇ ಬಂದು ಕೂರುತ್ತಿದ್ದರು, ಊಟದ ಡಬ್ಬಿ ಬಿಚ್ಚಲೂ ಮರೆಯುತ್ತಿದ್ದರು. "ಇವ್ನು ಇಂಜೆಕ್ಷನ್ ಕಂಡ್ರೆ ನರ್ಸಮ್ಮನ ಕೈ ಕಚ್ಚೋನು" ಎಂದು ನಡುನಡುವೆ ಹೇಳುವರು. ಒಮ್ಮೆ, ಯಾಕೆ ಇಷ್ಟು ಆತುರ ಎಂದು ಕೇಳಿದೆ. "ಈ ಮಕ್ಳು ಪಟ್ಟ ಪಾಡು ಯಾವುದಾದ್ರೂ ಒಂದು ಮಗೂಗಾದ್ರೂ ಉಪಯೋಗಕ್ಕೆ ಬರ್ಬೇಕು ಕಣಮ್ಮ" ಎಂದರು.

ಕೊನೆಯ ಕಲಂನಲ್ಲಿ 'ಸುಧಾರಿಸಿದೆ' ಎಂದು ಬಂದಾಗಲೆಲ್ಲ ನನಗೆ ಖುಷಿ. ಒಟ್ಟು ತೊಂಬತ್ತೊಂದು ಮಕ್ಕಳು ಸುಧಾರಿಸಿದ್ದರು. ಪಟ್ಟಿ ನೋಡಿ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಹಳೇ ಕ್ರಮವೇ ಮೇಲು ಅಂತ ಎದ್ದು ಕಾಣ್ತಿದೆ. ಸೋಮವಾರದಿಂದ ವಾರ್ಡಿನ ಎಲ್ಲ ಮಕ್ಕಳಿಗೂ ಅದನ್ನೇ ಶುರು ಮಾಡೋಣ" ಎಂದರು.

ಚಿಕ್ಕಬಸವಯ್ಯನವರು ಎದ್ದು ನಿಂತರು. ಕನ್ನಡಕ ಒರೆಸಿಕೊಳ್ಳಲಿಲ್ಲ.

"ಬೇಡಿ ಡಾಕ್ಟ್ರೇ. ಸುಧಾರಿಸಿದೆ ಅಂತಿರೋದ್ರಲ್ಲಿ ಎಷ್ಟೋ ಮಕ್ಳು ಬದುಕಿಲ್ಲ."

ಕಪಾಟಿನಿಂದ ಒಂದು ಫೈಲು ತಂದು ಮೇಜಿನ ಮೇಲಿಟ್ಟರು. ನಿಶ್ಚಿತಾ, ಒಂಬತ್ತು ವರ್ಷ, ಲಕ್ಷ್ಮೀಪುರಂ, ೧೯೯೪. ಸುಧಾರಿಸಿದೆ. "ಇವ್ಳು ನನ್ನ ಮಗಳು. ಮನೆಗೆ ಹೋದ ನಾಕನೇ ದಿನಕ್ಕೆ ಹೋಗ್ಬುಟ್ಳು."

ಆ ಫೈಲನ್ನು ಟೈಪ್ ಮಾಡಿದವಳು ನಾನೇ. ನಮ್ಮ ಕಂಪ್ಯೂಟರಿನಲ್ಲಿ ತಂದೆಯ ಹೆಸರಿಗೆ ಜಾಗವಿರಲಿಲ್ಲ, ಆದ್ದರಿಂದ ಅವರು ಆ ಹೆಸರನ್ನು ಓದಿರಲಿಲ್ಲ. ಉಳಿದ ಫೈಲುಗಳಂತೆಯೇ ಅದನ್ನೂ ಓದಿ ಹೇಳಿ ಪಕ್ಕಕ್ಕಿಟ್ಟಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇನ್ನೇನೂ ಮಾಡಲಾಗದು ಎಂದು ಡಾಕ್ಟರುಗಳು ಹೇಳಿದ ದಿನ, ಮಗಳು ಮನೆಯಲ್ಲೇ ಇರಲಿ ಎಂದು ಹೆಂಡತಿ ಮಹದೇವಮ್ಮ ಹಟ ಹಿಡಿದರಂತೆ. ಡಿಸ್ಚಾರ್ಜ್ ಚೀಟಿ ತುಂಬುವವರು ಇವರೇ. ಹುಡುಗಿಗೆ ಓದಲು ಬರುತ್ತಿತ್ತು. "ಅಪ್ಪಾಜಿ, ಏನ್ ಬರ್ದಿದ್ದೀಯ ತೋರ್ಸು" ಎಂದು ಕೈ ಚಾಚಿದಳು. ಇವರು 'ಸುಧಾರಿಸಿದೆ' ಎಂದು ಬರೆದು ತೋರಿಸಿದರು. ಕೆಳಗಿದ್ದ ಕಾರ್ಬನ್ ಅದನ್ನೇ ಫೈಲಿಗೂ ಇಳಿಸಿತು.

ಅಲ್ಲಿಂದ ಶುರು. ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಊರಿನವರು ಮಗುವನ್ನು ಮನೆಗೆ ಕರೆದೊಯ್ಯುತ್ತಿದ್ದರು, ಕೊನೆಯ ನೀರು ಮನೆಯಲ್ಲೇ ಬಿಡಬೇಕೆಂದು. ಆ ಸ್ಥಿತಿಯ ಮಗುವನ್ನು ಕಂಡಕ್ಟರು ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ಚೀಟಿಯಲ್ಲಿ ಸುಧಾರಿಸಿದೆ ಎಂದಿದ್ದರೆ ಹತ್ತಿಸುತ್ತಿದ್ದ. "ನನ್ನ ಮಗೀಗೆ ಬರ್ಕೊಂಡ ಮೇಲೆ ಇನ್ನೊಬ್ರಿಗೆ ಇಲ್ಲ ಅನ್ನೋದೆಂಗೆ? ಡ್ಯೂಟಿ ಡಾಕ್ಟ್ರು ನೋಡ್ದೆ ಸೈನ್ ಹಾಕೋರು. ನಿಜವಾಗಿ ಸುಧಾರಿಸ್ದೋರೂ ಅದ್ರಲ್ಲಿ ಅವ್ರೆ ಡಾಕ್ಟ್ರೇ. ಯಾರ‍್ಯಾರು ಅಂತ ನಂಗೀಗ ಹೇಳಕ್ಕಾಗಲ್ಲ. ದಿನಾ ಹೇಳ್ಬೇಕು ಅನ್ಕೋತಿದ್ದೆ, ಬಾಯಿ ಬರ್ಲಿಲ್ಲ."

ಡಾಕ್ಟರು ಕೂಗಾಡಿದ್ದರೆ ಚೆನ್ನಾಗಿತ್ತು. "ಯಾವುದು ನಿಜ, ಯಾವುದು ನಿಮ್ಮ ಕರುಣೆ ಅಂತ ನಾನು ಹೇಗ್ರೀ ಬೇರೆ ಮಾಡ್ಲಿ?" ಎಂದಷ್ಟೇ ಕೇಳಿ, ಎಲ್ಲ ಮನೆಗಳಿಗೂ ಕಾಗದ ಬರೆಯಲು ಮೂರು ತಿಂಗಳು ಕೊಟ್ಟರು.

ನಿಶ್ಚಿತಾಳನ್ನು ಬಿಟ್ಟು ಉಳಿದ ತೊಂಬತ್ತು ಕಾರ್ಡನ್ನೂ ಚಿಕ್ಕಬಸವಯ್ಯನವರೇ ಕೈಯಾರೆ ಬರೆದರು. 'ಮಗು ಈಗ ಹೇಗಿದೆ ತಿಳಿಸಿ.' ಇಂಥ ಕಾಗದಕ್ಕೆ ಯಾರು ಉತ್ತರ ಬರೀತಾರೆ ಎಂದು ನಾನು ರೇಗಿದೆ. ಹದಿಮೂರು ಉತ್ತರ ಬಂದವು. ಹನ್ನೆರಡರಲ್ಲಿ ಮಗು ಇರಲಿಲ್ಲ. ಉಳಿದ ಒಂದನ್ನು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಾನೇ ಬರೆದಿದ್ದಳು. ಚಿಕ್ಕಬಸವಯ್ಯನವರು ಅದನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು.

ಒಬ್ಬರು ಮಾತ್ರ ಖುದ್ದಾಗಿ ಬಂದರು. ಟಿ. ನರಸೀಪುರದ ಕಡೆಯ ಮೂಗಯ್ಯ. ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು.

"ಸುಧಾರ್ಸದೆ ಅಂತ ಇದ್ರಲ್ಲಿ ಬರ್ದದೆ ಅಂತ ನಮ್ಮೂರ್ ಮೇಷ್ಟ್ರು ಓದಿ ಹೇಳುದ್ರು ಸಾಮಿ. ಆಸ್ಪತ್ರೇಲಿ ಸುಧಾರ್ಸಿದ್ ಮಗೀನ ಮನೇಗ್ ತಂದು ನಾವೇ ಕೊಂದ್ಬುಟ್ವಲ್ಲಾ ಅಂತ ನನ್ನೆಂಡ್ತಿ ಸಾಕಮ್ಮ ಒಂದಿನ ನೆಮ್ಮದಿಯಾಗಿ ಅನ್ನ ತಿನ್ಲಿಲ್ಲ."

"ಆ ಚೀಟಿ ಸುಳ್ಳು ಕಣಪ್ಪ" ಎಂದರು ಚಿಕ್ಕಬಸವಯ್ಯನವರು. "ಬಸ್ಸಿಗೆ ಹತ್ತಿಸ್ಲಿ ಅಂತ ನಾನು ಬರ್ದಿದ್ದು. ನಿಮ್ದೇನೂ ತಪ್ಪಿಲ್ಲ. ಆಯಮ್ಮಂಗೆ ಹೋಗಿ ಹೇಳಪ್ಪ."

"ಹೋದ ವರ್ಸ ಅವ್ಳೂ ತೀರ್ಕಂಡ್ಲು ಸಾಮಿ. ಇನ್ಯಾರಿಗ್ ಏಳ್ಲಿ?"

ಮೂಗಯ್ಯ ಬಯ್ಯಲಿಲ್ಲ. ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದರು. ಆ ಮಧ್ಯಾಹ್ನ ಚಿಕ್ಕಬಸವಯ್ಯನವರು ನನ್ನ ಪಕ್ಕ ಬಂದು ಕೂತು, "ನಿಶ್ಚಿತಾದು ತೆಗಿಯಮ್ಮ" ಅಂದರು. ತೆಗೆದೆ. "ಮರಣ ಅಂತ ಹಾಕು." ನನ್ನ ಬೆರಳು ಏಳಲಿಲ್ಲ. "ಹಾಕಮ್ಮ, ಅವ್ಳೊಬ್ಳಾದ್ರೂ ಸರಿಯಾಗಿ ಸೇರ್ಲಿ" ಅಂದರು. ಹಾಕಿದೆ.

ಮೂರು ತಿಂಗಳು ಮುಗಿದ ವಾರ ಡಾಕ್ಟರು ತೀರ್ಮಾನ ಹೇಳಿದರು. ನಂಬುವ ಹಾಗಿಲ್ಲದ ಆ ಹತ್ತು ವರ್ಷವನ್ನು ಪೂರ್ತಿ ಬಿಟ್ಟು, ೨೦೦೪ರಿಂದ ಹೊಸದಾಗಿ ಎಣಿಸುವುದು. ಉತ್ತರ ಸಿಗಲು ಇನ್ನೂ ಹತ್ತು ವರ್ಷ ಬೇಕು. ಅಲ್ಲಿಯವರೆಗೆ ಬರುವ ಮಕ್ಕಳಿಗೆ ಮೊದಲಿನಂತೆಯೇ ಊಹೆಯ ಮೇಲೆ ಔಷಧಿ. ಡಾಕ್ಟರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

"ನಿಶ್ಚಿತಾದು?" ಎಂದು ಕೇಳಿದರು ಚಿಕ್ಕಬಸವಯ್ಯನವರು.

"ಅದೂ ಲೆಕ್ಕಕ್ಕೆ ಬರಲ್ಲ ಸಾರ್" ಎಂದೆ.

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಹತ್ತು ವರ್ಷ ಆ ಚೀಟೀಲಾದ್ರೂ ಬದುಕಿದ್ಳು ಕಣಮ್ಮ. ಅದನ್ನೂ ಅಳಿಸ್ಬುಟ್ಟೆ."