ಉತ್ತರ ಹೇಳಿಕೊಡದ ಹಂಚಿನಾಳರು

ಅಕ್ಟೋಬರ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಫಾಸ್ಟರ್ ಸಿಟಿಯಲ್ಲಿ ಯೂಸುಫನ ರೊಟ್ಟಿ ಅಂಗಡಿ. ಹಾಜರಿದ್ದವರು: ಯೂಸುಫ್, ಡಾಕ್ಟರ್ ಗುರುಪಾದಪ್ಪ ಹಂಚಿನಾಳ ಮತ್ತು ನಾನು. ಯೂಸುಫ್ ಹಿಂದಿನ ಕೋಣೆಯಲ್ಲಿ ಫೋನು ಹಿಡಿದು ಬಾಗಿಲು ಹಾಕಿಕೊಂಡಿದ್ದ. ಗಲ್ಲಾದ ಹಿಂದೆ, ಹೊಟ್ಟೆಗೆ ಸಾಲದ ಏಪ್ರನ್ ಬಿಗಿದುಕೊಂಡು, ಹಂಚಿನಾಳರು ನಿಂತಿದ್ದರು. ಯುದ್ಧದಲ್ಲಿ ವಿಷಾನಿಲ ಬಳಸಿದ್ದಾರೆಯೇ ಎಂದು ದೇಶದೇಶ ಸುತ್ತಿ ತನಿಖೆ ಮಾಡಿದ್ದ ಮನುಷ್ಯ, ಎಳ್ಳಿನ ರೊಟ್ಟಿ ಯಾವುದು, ಓಮದ ಸೊಪ್ಪಿನ ರೊಟ್ಟಿ ಯಾವುದು ಎಂದು ಗಿರಾಕಿಗಳನ್ನೇ ಕೇಳುತ್ತಿದ್ದರು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಏಪ್ರನ್ನು. ಅದಾಗಿ ತಿಂಗಳು ತುಂಬುವ ಮೊದಲೇ ಅವರು ತೀರಿಕೊಂಡರು.

ಅವರು ಧಾರವಾಡದವರು. ರಸಾಯನಶಾಸ್ತ್ರ ಓದಿ, ಪ್ರಯೋಗಾಲಯದಲ್ಲಿ ದುಡಿದು, ನಡುವಯಸ್ಸಿನಲ್ಲಿ ಅಂತರರಾಷ್ಟ್ರೀಯ ತನಿಖಾ ತಂಡ ಸೇರಿದವರು. ನಿವೃತ್ತರಾದ ಮೇಲೆ ಇಲ್ಲಿನ ಮಗಳ ಮನೆಗೆ ಬಂದರು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಕೆಳಗಿನ ಮನೆ. ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದವಳು. ಬೆಳಿಗ್ಗೆ ಆರಕ್ಕೆ ನೀರಿನ ದಂಡೆಯಲ್ಲಿ ನಡೆಯದಿದ್ದರೆ ನನಗೆ ದಿನ ಶುರುವಾಗದು. ಅವರ ಹೊತ್ತೂ ಅದೇ. ಪರಿಚಯ ಹಾಗೆ ಆಯಿತು.

ಅವರ ಒಂದು ಅಭ್ಯಾಸಕ್ಕೆ ಮನೆಯವರೆಲ್ಲ ಬೇಸತ್ತಿದ್ದರು. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಯನ್ನು ಅವರು ಯಾರಿಗೂ ಕೇಳುತ್ತಿರಲಿಲ್ಲ. ಒಮ್ಮೆ ಮೊಮ್ಮಗಳು ಮಂಡಿ ತರಚಿಕೊಂಡು ಬಂದಳು. "ಬಿದ್ಯಾ ಪುಟ್ಟಿ? ಸೈಕಲ್ಲಿಂದ್ಲಾ? ಉರೀತಿದ್ಯಾ?" ಎಂದು ನಾನು ಕೇಳಿದೆ. ಅವರು ಅವಳೆದುರು ನೆಲದ ಮೇಲೆ ಕುಳಿತು, "ಏನಾತು, ಹೇಳವಾ" ಎಂದು ಸುಮ್ಮನಾದರು.

"ಅಜ್ಜಾ, ಯು ಕ್ಯಾನ್ ಸೀ ಇಟ್!" ಎಂದು ಹುಡುಗಿ ಕಿರುಚಿದಳು.

"ನನಗ ಕಾಣೂದು ರಕ್ತ ಅಷ್ಟ. ಉಳಿದದ್ದು ನೀ ಹೇಳಬೇಕು."

ನನಗೆ ರೇಗಿತು. "ಸರ್, ವಾರ್ಡಲ್ಲಿ ನಾವು ಹೀಗೆ ಕೂತ್ಕೊಂಡ್ರೆ ಪೇಷಂಟು ಹೊರಟೇ ಹೋಗ್ತಾನೆ. ಎದೆ ನೋವಾ, ಉಸಿರು ಕಟ್ತಾ ಅಂತ ಕೇಳ್ಲೇಬೇಕು."

"ನಿಮಗ ಮನುಷ್ಯಾನ್ನ ಉಳಿಸೂ ಕೆಲಸ ಇರ್ತದ್ರಿ, ಅಕ್ಕಾರ. ನಾ ಹೋಗೂ ಹೊತ್ತಿಗೆ ಉಳಿಸೂದು ಮುಗದಿರ್ತದ. ಕ್ಲೋರಿನ್ ವಾಸನಿ ಬಂತೇನು ಅಂತ ನಾ ಕೇಳಿದ್ರ, ಬಂತು ಅಂತಾರ. ಮರುದಿನ ಇಡೀ ಓಣಿಗೆ ಬಂದಿರ್ತದ. ಆಮ್ಯಾಲೆ ಯಾವನೋ ಎದ್ದು ನಿಂತು, ಇವೆಲ್ಲಾ ಹೇಳಿಕೊಟ್ಟ ಮಾತು ಅಂತಾನ. ಖರೇ ಸತ್ತವರೂ ಸುಳ್ಳಾಗ್ತಾರ."

ಕೆಲಸದ ರೀತಿಯನ್ನು ಅವರು ಧಾರಾಳವಾಗಿ ವಿವರಿಸುತ್ತಿದ್ದರು. ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬ ಸಾಕ್ಷಿಯ ಕಿವಿಗೆ ಬೀಳಬಾರದು. ಮಣ್ಣು, ಬಟ್ಟೆ, ರಕ್ತ, ಏನು ತೆಗೆದುಕೊಂಡರೂ ಮತ್ತೊಬ್ಬರ ಕಣ್ಣೆದುರು ತೆಗೆದುಕೊಳ್ಳಬೇಕು, ಅಲ್ಲೇ ಮೊಹರು ಹಾಕಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಬಿಡದೆ ದಾಖಲೆ ಇರಬೇಕು. ಆಮೇಲೆ ಅದನ್ನು ಪಾಲು ಮಾಡಿ ಬೇರೆ ಬೇರೆ ಪ್ರಯೋಗಾಲಯಗಳಿಗೆ ಕಳುಹಿಸುತ್ತಾರೆ. ಜೊತೆಗೆ ಏನೂ ಇಲ್ಲದ ಬರೀ ಮಾದರಿಗಳನ್ನೂ ಬೆರೆಸುತ್ತಾರೆ. ಯಾವುದು ನಿಜದ್ದೆಂದು ಪರೀಕ್ಷಿಸುವವರಿಗೂ ಗೊತ್ತಿರುವುದಿಲ್ಲ. ಇಷ್ಟೆಲ್ಲ ಹೇಳಿದವರು, ತಾವು ಹೋದ ಒಂದು ಊರಿನ ಹೆಸರನ್ನೂ ಎಂದೂ ಹೇಳಲಿಲ್ಲ.

ಯೂಸುಫನ ತಂಗಿ ಇದ್ದದ್ದು ಯುದ್ಧ ನಡೆಯುತ್ತಿದ್ದ ಊರಿನಲ್ಲಿ. ಬಾಂಬಿಗೆ ಹೆದರಿ ಜನ ನೆಲಮಾಳಿಗೆಗೆ ಇಳಿದಿದ್ದ ರಾತ್ರಿ ಅವಳು ಸತ್ತಳು. ಗಾಳಿಗಿಂತ ಭಾರವಾದ ಏನೋ ಒಂದು ಕೆಳಗಿಳಿದಿತ್ತು. ಅವಳ ಮಗಳು ರೀಮ್, ಕಾಲೇಜಿಗೆ ಹೋಗುವ ಹುಡುಗಿ, ನೀರು ತರಲು ಮೇಲಿನ ಮಹಡಿಗೆ ಹೋಗಿದ್ದರಿಂದ ಉಳಿದಳು. ಈಗ ಅವಳು ಪಕ್ಕದ ದೇಶದಲ್ಲಿ ಬಂಧುಗಳ ಮನೆಯಲ್ಲಿದ್ದಳು. ತನಿಖೆಯವರು ಅವಳನ್ನು ಭೇಟಿಯಾಗಲಿದ್ದರು.

ಇದು ತಿಳಿದ ದಿನ ಯೂಸುಫ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ತನ್ನ ಹಳೆಯ ಗಿರಾಕಿ ಹಂಚಿನಾಳರ ಮನೆಗೆ ಬಂದ. ನಾನೂ ಅಲ್ಲಿದ್ದೆ. ಅವರಿಬ್ಬರ ಮಾತು ಇಂಗ್ಲಿಷಿನದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಂದು ನನ್ನ ತಂಗಿ ತಲೆಗೆ ಕಟ್ಟಿಕೊಂಡಿದ್ದ ಬಟ್ಟೆ ಇದು. ಪರೀಕ್ಷೆ ಮಾಡಿಸಿಕೊಡಿ, ಡಾಕ್ಟರ್."

ಹಂಚಿನಾಳರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಇದನ್ನು ಯಾರು ತೆಗೆದಿಟ್ಟರು? ನಿಮಗೆ ಹೇಗೆ ಬಂತು?"

"ಊರಿನವನೊಬ್ಬ ತಂದ. ಅವನಿಗೆ ಯಾರು ಕೊಟ್ಟರೋ ಗೊತ್ತಿಲ್ಲ."

"ಹಾಗಾದರೆ ಇದು ನಿಮ್ಮ ತಂಗಿಯ ಬಟ್ಟೆ. ಮನೆಯಲ್ಲಿಟ್ಟುಕೊಳ್ಳಿ. ಸಾಕ್ಷ್ಯವೆಂದು ಯಾರೂ ಒಪ್ಪುವುದಿಲ್ಲ."

ಯೂಸುಫ್ ಚೀಲವನ್ನು ಮಡಚಿಕೊಂಡ. "ಹೋಗಲಿ, ರೀಮ್ ಇದ್ದಾಳಲ್ಲ. ದಿನಾ ಫೋನಿನಲ್ಲಿ ಅವಳನ್ನು ತಯಾರು ಮಾಡುತ್ತಿದ್ದೇನೆ. ಹಳದಿ ಹೊಗೆ ಅನ್ನು, ಬ್ಲೀಚಿನ ವಾಸನೆ ಅನ್ನು, ಅಮ್ಮ ನಿದ್ದೆಯಲ್ಲೇ ಹೋದಳು ಅನ್ನು..."

"ನಿಲ್ಲಿಸಿ!"

ಹಂಚಿನಾಳರ ಗಟ್ಟಿ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. ಮತ್ತೆ ತಗ್ಗಿದ ದನಿಯಲ್ಲಿ ಹೇಳಿದರು: "ಇವತ್ತಿನಿಂದ ಆ ರಾತ್ರಿಯ ವಿಷಯ ಎತ್ತಬೇಡಿ. ತನಿಖೆಯವರು ಅವಳನ್ನು ಎರಡನೆಯ ಸಲವೂ ಕರೆಯಬಹುದು. ವರದಿ ಹೊರಬರುವವರೆಗೆ ಒಂದು ಮಾತೂ ಬೇಡ. ನಾನು ಹೇಳಿಕೊಟ್ಟದ್ದನ್ನೆಲ್ಲ ಮರೆತು, ಕಂಡದ್ದನ್ನಷ್ಟೇ ಹೇಳು ಎಂದು ಅವಳಿಗೆ ಒಂದು ಸಲ ಹೇಳಿಬಿಡಿ. ನೀವು ಹೇಳಿಕೊಟ್ಟಿದ್ದಿರಿ ಎಂಬುದನ್ನೂ ಅವರಿಗೆ ತಿಳಿಸಲಿ."

"ಸೋದರಮಾವ ನಾನು. ಅವಳ ತಾಯಿ ಹೇಗೆ ಸತ್ತಳು ಎಂದು ಕೇಳಲೂಬಾರದೇ?"

"ಕೇಳಬಾರದು."

"ನಿಮಗೆ ತಂಗಿ ಇದ್ದಾಳೆಯೇ?"

"ಇದ್ದಾಳೆ," ಎಂದರು ಹಂಚಿನಾಳರು.

ಅವನು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ಏನ್ ಸರ್, ನಿಮ್ದು ಕಲ್ಲು ಮನಸ್ಸು."

"ಇರಬಹುದ್ರಿ. ಆದ್ರ ಆ ಹುಡುಗಿ ಕಡೆ ಇರೂದು ಅದೊಂದ ಮಾತು. ಕೆಡಿಸಿದ್ರ ಮತ್ತೊಂದು ಸಿಗೂದಿಲ್ಲ."

ವರ್ಷಕ್ಕೂ ಹೆಚ್ಚು ಕಾಲ ಯೂಸುಫ್ ಆ ಮಾತನ್ನು ಪಾಲಿಸಿದ. ಫೋನಿನಲ್ಲಿ ಹುಡುಗಿಯ ಓದು, ಅಲ್ಲಿಯ ಚಳಿ, ಊಟ, ಇಷ್ಟೇ. ಆದರೆ ಹಂಚಿನಾಳರೊಡನೆ ಮಾತು ಬಿಟ್ಟ. ಅವರು ಪ್ರತಿ ಗುರುವಾರ ಅಂಗಡಿಗೆ ಹೋಗುವರು. ಅವನು ಬೇರೆಡೆ ನೋಡುತ್ತ ರೊಟ್ಟಿಯನ್ನು ಚೀಲಕ್ಕೆ ತುರುಕಿ ಮುಂದೆ ತಳ್ಳುವನು.

"ದೊಡ್ಡ ಗ್ರೋಸರೀಲಿ ರೊಟ್ಟಿ ಸಿಗೋಲ್ವಾ ಸರ್? ಇಲ್ಲಿಗೇ ಯಾಕೆ ಬರ್ತೀರಿ?"

"ಸಿಗ್ತದ್ರಿ. ಆದ್ರ ನಾ ಬರಲಿಲ್ಲಂದ್ರ ಅಂವ ಸಿಟ್ಟು ಯಾರ ಮ್ಯಾಲೆ ತೋರಸಬೇಕು?"

ಆ ಅಕ್ಟೋಬರಿನ ಗುರುವಾರ ಅವರು ವಾಕಿಂಗಿಗೆ ಬರಲಿಲ್ಲ. ಹಿಂದಿನ ದಿನ ವರದಿ ಪ್ರಕಟವಾಗಿತ್ತು. ಮಗಳ ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದುತ್ತ ಕುಳಿತಿದ್ದರು. ಓದಿ ಮುಗಿಸಿ, "ಬರ್ರಿ ಅಕ್ಕಾರ, ಅಂಗಡಿಗೆ ಹೋಗೂಣು" ಎಂದು ನನ್ನನ್ನೂ ಕರೆದುಕೊಂಡು ಹೋದರು.

ಯೂಸುಫ್ ಎಂದಿನಂತೆ ಮುಖ ತಿರುಗಿಸಿದ. ಹಂಚಿನಾಳರು ನೇರವಾಗಿ ಹೇಳಿದರು: "ವರದಿ ಬಂದಿದೆ. ವಿಷಾನಿಲ ಬಳಸಲಾಗಿದೆ ಎಂದು ನಂಬಲು ಸಮಂಜಸವಾದ ಆಧಾರಗಳಿವೆ ಎಂದು ಬರೆದಿದ್ದಾರೆ."

"ಬಳಸಿದವರು ಯಾರು?"

"ಅದನ್ನು ಪತ್ತೆ ಮಾಡುವುದು ಬೇರೆ ತಂಡ. ಅದು ಇನ್ನೂ ಆಗಬೇಕು."

"ಅಷ್ಟೇ ಏನು?"

"ಸದ್ಯಕ್ಕೆ ಅಷ್ಟೇ. ರೀಮಳ ಮಾತು ದಾಖಲಾಗಿದೆ, ಇನ್ನು ನೀವು ಕೇಳಬಹುದು. ಅಲ್ಲೀಗ ರಾತ್ರಿ ಊಟದ ಹೊತ್ತು, ಎದ್ದಿರುತ್ತಾಳೆ. ಫೋನು ಮಾಡಿ. ಅಂಗಡಿ ನಾನು ನೋಡಿಕೊಳ್ಳುತ್ತೇನೆ."

ಯೂಸುಫ್ ಏಪ್ರನ್ ಬಿಚ್ಚಿ ಅವರ ಕೈಗಿಟ್ಟು ಒಳಗೆ ಹೋದ.

ಗಿರಾಕಿಗಳು ಬಂದರು, ಹೋದರು. ನಾನು ಚಿಲ್ಲರೆ ನೋಡಿಕೊಂಡೆ. ಒಳಗಿನಿಂದ ಮಾತೇ ಕೇಳುತ್ತಿರಲಿಲ್ಲ, ಅವನು ಕೇಳಿಸಿಕೊಳ್ಳುತ್ತಿದ್ದ. ಒಲೆಯಲ್ಲಿದ್ದ ರೊಟ್ಟಿಗಳು ಸೀಯತೊಡಗಿದಾಗ ಹಂಚಿನಾಳರು ಬೆರಳು ಸುಟ್ಟುಕೊಂಡು ಅವನ್ನು ಹೊರತೆಗೆದರು. ಮಧ್ಯಾಹ್ನವಾದ ಮೇಲೆ ಬಾಗಿಲು ತೆರೆಯಿತು.

"ನಿದ್ದೆಯಲ್ಲಿ ಅಲ್ಲ," ಎಂದ ಯೂಸುಫ್. ಅವನ ಗಡ್ಡ ತೊಯ್ದಿತ್ತು. "ನನ್ನ ತಂಗಿ ಮೆಟ್ಟಿಲ ಮೇಲಿದ್ದಳಂತೆ. ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಮೇಲೆ ಬರುತ್ತಿದ್ದಳಂತೆ. ರೀಮ್ ಕೆಳಗೆ ಕೈ ಚಾಚಿ ಕೂಸನ್ನು ತೆಗೆದುಕೊಂಡಳಂತೆ. ಕೂಸು ಉಳಿದಿದೆ, ಡಾಕ್ಟರ್. ನಾನು ನಿದ್ದೆಯಲ್ಲೇ ಹೋದಳು ಎಂದು ಹೇಳಿಸಿಬಿಡುತ್ತಿದ್ದೆ."

ಹಂಚಿನಾಳರು ಲೋಟದಲ್ಲಿ ನೀರು ತಂದು ಕೊಟ್ಟರು. ಅವನು ಕುಡಿಯುವವರೆಗೂ ಕಾದರು. ಆಮೇಲೆ, ಆ ವರ್ಷವೆಲ್ಲ ಕೇಳದೆ ಇಟ್ಟುಕೊಂಡಿದ್ದದ್ದನ್ನು ಕೇಳಿದರು.

"ನಿಮ್ಮ ತಂಗಿಯ ಹೆಸರೇನು?"

"ಹನಾನ್."

ಹಂಚಿನಾಳರು ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿದರು. ಅವರ ಉಚ್ಚಾರ ತಪ್ಪಿತ್ತೇನೋ, ಯೂಸುಫ್ ತಿದ್ದಿದ. ಅವರು ಮತ್ತೊಮ್ಮೆ ಹೇಳಿದರು.

ಅಂದು ಅಂಗಡಿ ಬೇಗ ಮುಚ್ಚಿದೆವು. ನಾನು ಗಲ್ಲಾದ ಲೆಕ್ಕ ಒಪ್ಪಿಸಿದೆ. ಯೂಸುಫ್ ಒಲೆ ಆರಿಸಿದ. ಹಂಚಿನಾಳರು ನೆಲದ ಎಳ್ಳು, ಹಿಟ್ಟು ಎಲ್ಲ ಗುಡಿಸಿ, ಹಿಂದಿನ ಕಸದ ಡಬ್ಬಿಗೆ ಸುರಿದು ಬಂದು, ಪೊರಕೆಯನ್ನು ಮೂಲೆಗೆ ಒರಗಿಸಿದರು.