ಜಾಂಗ್ರಿ ಅಕ್ಷರದ ಫೋಲ್ಡರು

ಗಂಟಲಿನ ಆಪರೇಷನ್ ಆದಮೇಲೆ ಅಮ್ಮನ ದನಿ ತಿರುಗಿ ಬರಲಿಲ್ಲ. ಅದಕ್ಕೂ ಮುಂಚೆ ಅವಳು ಹೇಳಿದ್ದ ಸೋಬಾನೆ ಪದಗಳನ್ನು ನಾನು ರೆಕಾರ್ಡ್ ಮಾಡಿಕೊಂಡಿದ್ದೆ. ಉಳಿದ ದನಿ ಅಷ್ಟೇ. ಮೊನ್ನೆ ತಮಿಳು ಸೀಮೆಯ ಸೂಲೂರಿನ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಬಂದ ರಭಸಕ್ಕೆ ನನ್ನ ಕಂಪ್ಯೂಟರು ಸುಟ್ಟುಹೋಯಿತು, ಹಾಡೂ ಅದರ ಜೊತೆ ಹೋಯಿತು.

ಆದರೂ ನಾನು ಹೆದರಲಿಲ್ಲ. ಆ ಹಾಡುಗಳನ್ನು ಟೊರೆಂಟ್ ಮಾಡಿ ತಂಗಿಗೂ ಚಿಕ್ಕಮ್ಮನಿಗೂ ಹಂಚಿದ್ದೆನಲ್ಲ! ಟೊರೆಂಟ್ ಎಂದರೆ ಫೈಲು ಹಂಚಿಕೊಳ್ಳುವ ಒಂದು ದಾರಿ, ಇದರಲ್ಲಿ ನಡುವೆ ಯಜಮಾನನಿಲ್ಲ. ಕಂಪ್ಯೂಟರುಗಳೇ ಒಂದನ್ನೊಂದು ಹುಡುಕಿಕೊಂಡು, ನಿನ್ನ ಹತ್ತಿರ ಯಾವ ಚೂರಿದೆ ಎಂದು ಕೇಳಿ, ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ತೆಗೆದುಕೊಳ್ಳುತ್ತವೆ. ಪೂರ್ತಿ ಹಾಡು ಒಬ್ಬರ ಬಳಿ ಇದ್ದರೂ ಸಾಕು, ಆದರೆ ಅವರ ಕಂಪ್ಯೂಟರು ಆನ್ ಆಗಿರಬೇಕು. ಹೊಸ ಕಂಪ್ಯೂಟರು ತಂದು, ಮೊಬೈಲಿನಲ್ಲಿ ಉಳಿದಿದ್ದ ಲಿಂಕ್ ಹಾಕಿದೆ. ಎಷ್ಟು ಹೊತ್ತಾದರೂ ಸಿಕ್ಕಿದವರು ಸೊನ್ನೆ.

ಗಣಪತಿ ಎಂಬ ಊರಿನಲ್ಲಿರುವ ತಂಗಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕಾ, ಆ ಫೋಲ್ಡರಾ? ಜಾಂಗ್ರಿ ಮಾದ್ರಿ ಸುತ್ತಿ ಸುತ್ತಿ ಏನೋ ಎಳುತ್ತು ಇತ್ತು. ವೈರಸ್ಸು ಅಂತ ಅಳಿಸ್ಬುಟ್ಟೆ."

"ಆ ಅಕ್ಷರ ಕನ್ನಡ ಕಣೇ! ನೀನು ಈಗ ಆಡ್ತಾ ಇರೋ ಮಾತು!"

"ಆಡ್ತೀನಿ. ಓದೋಕೆ ಯಾರು ಹೇಳ್ಕೊಟ್ರು?"

ಹೌದು, ಯಾರು ಹೇಳಿಕೊಟ್ಟರು? ನಮ್ಮ ಮನೆಮಂದಿ ಓದಿದ್ದೆಲ್ಲ ತಮಿಳು ಶಾಲೆಯಲ್ಲಿ. ನಲವತ್ತು ದಾಟಿದ ಮೇಲೆ ಕನ್ನಡ ಅಕ್ಷರ ಕಲಿತ ಹಮ್ಮಿನಲ್ಲಿ ನಾನೇ ಫೋಲ್ಡರಿಗೆ 'ಅಮ್ಮನ ಹಾಡು' ಎಂದು ಬರೆದಿದ್ದೆ. ನನ್ನ ಜಂಬಕ್ಕಿಷ್ಟು ಬೆಂಕಿ ಬೀಳ!

ಇನ್ನು ಉಳಿದವರು ಮಡತ್ತುಕುಳಂನ ಚಿಕ್ಕಮ್ಮ. ಸೀರಿಯಲ್ ನೋಡುವುದಕ್ಕಷ್ಟೇ ಅವರು ಕಂಪ್ಯೂಟರು ಹಾಕುತ್ತಿದ್ದರು. ಅವರಿಗೂ ಫೋನ್ ಮಾಡಿದೆ.

"ಚಿಕ್ಕಮ್ಮಾ, ಗೊತ್ತಿಲ್ಲದ ಎಳುತ್ತು ಅಂತ ಯಾವ್ದಾದ್ರೂ ಫೋಲ್ಡರ್ ಅಳಿಸಿದ್ರಾ?"

"ನಂಗೆ ಯಾವ ಎಳುತ್ತು ಗೊತ್ತು ನನ್ ಕಣ್ಣೇ? ತಮಿಳೂ ಅಷ್ಟೇ, ಕನ್ನಡಾನೂ ಅಷ್ಟೇ. ನಾ ಏನೂ ಮುಟ್ಟಿಲ್ಲಮ್ಮ."

"ಹಂಗಾದ್ರೆ ಈಗ್ಲೇ ಕಂಪ್ಯೂಟರ್ ಹಾಕಿ. ನಾ ಹೇಳೋವರ್ಗೂ ಆರಿಸ್ಬೇಡಿ."

ಸೊನ್ನೆ ಇದ್ದದ್ದು ಒಂದಾಯಿತು. ಅಬ್ಬಾ, ಹೋದ ಜೀವ ಬಂತು! ಆ ಒಂದರಿಂದಲೇ ಚೂರು ಚೂರಾಗಿ ಎಲ್ಲ ಪದಗಳೂ ಮನೆಗೆ ಬಂದವು. ಚಿಕ್ಕಮ್ಮ ಚಿಕ್ಕಂದಿನಲ್ಲಿ ಓದು ಕಲಿಯದೆ ಹೋದದ್ದಕ್ಕೆ ನಾನು ದೇವರಿಗೆ ಕೈಮುಗಿದೆ.

ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಹಾಕಿದೆ. ಎರಡನೆಯ ಪದದ ನಡುವೆ ಹಾಡು ಥಟ್ಟನೆ ನಿಂತಿತು. "ಏ, ಹಾಲು ಉಕ್ತಾ ಅದೆ, ಒಲೆ ಆರ್ಸೇ!" ಎಂದು ಅಮ್ಮನ ದನಿ ಗದರಿತು. ನಾನು ಎದ್ದು ಅಡುಗೆಮನೆಗೆ ಓಡಿದೆ.

ಒಲೆ ಹಚ್ಚಿರಲೇ ಇಲ್ಲ; ಉಕ್ಕಿದ್ದು ರೆಕಾರ್ಡ್ ಮಾಡಿದ ದಿನದ ಹಾಲು. ತಿರುಗಿ ನೋಡಿದರೆ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು.