ಅಕ್ಕನಿಗೆ ಹೇಳಿದ ಇಂಗ್ಲೆಂಡಿನ ಚರಿತ್ರೆ

ಬಳ್ಳಾರಿಯ ಕಾಲೇಜಿನಲ್ಲಿ, ಮೆಟ್ರಿಕ್ ಆದ ಮೇಲಿನ ಎಫ್.ಎ. ಓದುವಾಗ ನನ್ನ ಬಳಿ ಇಂಗ್ಲೆಂಡಿನ ಚರಿತ್ರೆಯ ಪುಸ್ತಕ ಇರಲಿಲ್ಲ. ಕಂಟೋನ್ಮೆಂಟಿನಲ್ಲಿದ್ದ ಸಹಪಾಠಿಯೊಬ್ಬ ಭಾನುವಾರಗಳಂದು ತನ್ನದನ್ನು ಕೊಡುತ್ತಿದ್ದ. ಅವನ ಮನೆಯ ಕಟ್ಟೆಯ ಮೇಲೆ ಕೂತು, ಒಂದು ಸಾಲೂ ಬಿಡದೆ ನಕಲು ಮಾಡಿಕೊಂಡೆ. ಮೂರು ನೋಟುಪುಸ್ತಕ ತುಂಬಿದವು. ಇನ್ನು ಭಯವಿಲ್ಲ ಎಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಬಾಯಿಪಾಠವಾದದ್ದನ್ನೆಲ್ಲ ಬರೆಯುತ್ತ ಕೂತವನು ಎರಡನೆಯದಕ್ಕೆ ಹೋಗಲೇ ಇಲ್ಲ.

"ನೀ ಬರದದ್ರಾಗ ತಪ್ಪಿಲ್ಲಪ್ಪಾ, ಉತ್ತರಾನೂ ಇಲ್ಲ" ಎಂದರು ಮೇಷ್ಟರು.

ರಜೆಗೆ ನಮ್ಮೂರು ಕುರುಗೋಡಿಗೆ ಹೋದೆ. ಬಾದನಹಟ್ಟಿಗೆ ಕೊಟ್ಟಿದ್ದ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ಓದು ಬರಹ ಬಾರದು. ನಾನು ಬಾಯಿಪಾಠ ಮಾಡುವುದನ್ನು ತೊಟ್ಟಿಲು ತೂಗುತ್ತ ಎರಡು ದಿನ ಕೇಳಿದಳು.

"ಲೇ ತಮ್ಮಾ, ಅದರಾಗ ಏನೈತಿ?"

"ರಾಜನ ಕತಿ ಅಕ್ಕಾ. ಬಾಳ ಉದ್ದ ಐತಿ."

"ಇರ್ಲಿ. ಕೂಸು ಏಳೂದ್ರೊಳಗ ಹೇಳಿ ಮುಗಸು."

ಹೇಳತೊಡಗಿದೆ. ರಾಜ ಸಭೆಯನ್ನು ಕೇಳದೆ ತೆರಿಗೆ ಹಾಕಿದ ಎನ್ನುತ್ತಲೇ ಅವಳು, "ಯಾಕ ಕೇಳ್ಲಿಲ್ಲ?" ಎಂದಳು. ನನಗೆ ಗೊತ್ತಿರಲಿಲ್ಲ. ನಾನೇ ಬರೆದಿದ್ದ ಪುಟಗಳಲ್ಲಿ ಹುಡುಕಿದೆ. ಉತ್ತರ ಅಲ್ಲೇ ಇತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ಅಂದಿನಿಂದ ಅದೇ ಕ್ರಮವಾಯಿತು. ಅವಳ ಪ್ರಶ್ನೆಗೆ ಉತ್ತರವಾಗುವ ಸಾಲುಗಳಿಗೆ ಮಾತ್ರ ಕೆಂಪು ಗೆರೆ. ಅದರಲ್ಲೂ ಯಾವುದನ್ನು ಬಿಟ್ಟರೆ ಕತೆ ಮುಂದೆ ಸಾಗುವುದಿಲ್ಲವೋ ಅದಕ್ಕೆ ಇನ್ನೊಂದು ಗೆರೆ, ಪಕ್ಕದಲ್ಲಿ ಕನ್ನಡದಲ್ಲಿ ಅವಳ ಪ್ರಶ್ನೆ. ಕೊನೆಗೆ ನೋಟುಪುಸ್ತಕ ಮುಚ್ಚಿಟ್ಟು, ಅಧ್ಯಾಯಕ್ಕೆ ಒಂದೇ ಹಾಳೆಯಂತೆ ನನ್ನ ಮಾತಿನಲ್ಲಿ ಬರೆದೆ. ಎಲ್ಲಿ ಪೆನ್ನು ತಡೆಯಿತೋ ಅಲ್ಲಿ ನನಗೆ ತಿಳಿದಿಲ್ಲವೆಂದು ಗೊತ್ತಾಗುತ್ತಿತ್ತು. ಮತ್ತೆ ಕೆಂಪು ಗೆರೆಗಳಿಗೆ ಮರಳುತ್ತಿದ್ದೆ.

ಮುಂದಿನ ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರಿಸಿ, ಗಂಟೆ ಬಾರಿಸುವ ಮೊದಲೇ ಎದ್ದೆ. ಚರಿತ್ರೆಯಲ್ಲಿ ತರಗತಿಗೆ ನಾನೇ ಮೊದಲಿಗ. ಪುಸ್ತಕವಿದ್ದ ಸಹಪಾಠಿಯೇ ನನ್ನ ಹಾಳೆಗಳನ್ನು ಕೇಳಿ ಪಡೆದ. ಮೇಷ್ಟರು ಅವನ್ನು ತಿರುವಿ ನೋಡಿ, "ಯಾರು ಕಲಿಸಿದ್ರು ಇದನ್ನ?" ಎಂದರು.

"ನಮ್ಮಕ್ಕ ರೀ."

"ಎಲ್ಲಿಗಂಟ ಓದ್ಯಾರ?"

"ಸಾಲಿಗೇ ಹೋಗಿಲ್ರಿ."

ತರಗತಿಯಲ್ಲಿ ಯಾರೋ ನಕ್ಕರು. ಮೇಷ್ಟರು ನಗಲಿಲ್ಲ. "ಅಂಥಾ ಅಕ್ಕ ಇರಬೇಕು" ಎಂದು ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಮರಳಿಸಿದರು.

ಮರುವರ್ಷ ಬಾದನಹಟ್ಟಿಗೆ ಹೋದಾಗ ಅಕ್ಕ ಜೋಳ ಹಸನು ಮಾಡುತ್ತ ಅತ್ತೆಗೆ ಅದೇ ಕತೆ ಹೇಳುತ್ತಿದ್ದಳು.

"ರಾಜನ ತಲೀನ ತಗದ್ರಾ?" ಎಂದು ಅತ್ತೆ ಮೊರ ಕೆಳಗಿಟ್ಟರು.

"ಸುಮ್ಮ ತಗೀಲಿಲ್ಲ ಅತ್ತಿ. ಮೊದಲ ವಿಚಾರಣಿ ಮಾಡಿದ್ರು."

ಕತೆಯ ಕೊಂಡಿ ಒಂದೂ ತಪ್ಪಿರಲಿಲ್ಲ. ಅವಳು ಹೇಳಿ ಮುಗಿಸುವವರೆಗೆ ನಾನು ಹೊಸ್ತಿಲಾಚೆ ನಿಂತು ಕೇಳಿದೆ.